ಚೆಕಿಂಗ್ ಅಕ್ಕನ ಕೆಂಪು ಬಾಣ

ಭಾನುವಾರ ಬೆಳಿಗ್ಗೆ ಸತ್ಯವೇದ ತೆರೆದಾಗ ಒಳಗಿನಿಂದ ಒಂದು ಕೆಂಪು ಬಾಣ ಉದುರಿ ಮೊಮ್ಮಗಳ ಹೊಟ್ಟೆಯ ಮೇಲೆ ಬಿತ್ತು. ಬಿಲ್ಲಿನ ಬಾಣವಲ್ಲ. ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಹೊಲಿಗೆ ಕೆಟ್ಟ ಜಾಗ ತೋರಿಸಲು ಅಂಟಿಸುತ್ತಾರಲ್ಲ, ಉಗುರಿನಷ್ಟು ಉದ್ದದ ಸ್ಟಿಕ್ಕರ್, ಅದು. ಕೆಂಪು ಮಾಸಿ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಅಂಟು ಪೂರ್ತಿ ಒಣಗಿತ್ತು. ಮೊಮ್ಮಗಳು ಅದನ್ನು ಹಿಡಿದು ಬಾಯಿಗೆ ಹಾಕಿಕೊಳ್ಳಲು ಹೊರಟಳು. ಏಳು ತಿಂಗಳು, ಎರಡೇ ಎರಡು ಹಲ್ಲು, ಸಿಕ್ಕಿದ್ದನ್ನೆಲ್ಲ ಕಚ್ಚುತ್ತಾಳೆ ಕಳ್ಳಿ! ಅವಳ ಮುಷ್ಟಿ ಬಿಡಿಸಿ ಬಾಣ ಈಸಿಕೊಂಡು ಸೆರಗಿನ ತುದಿಗೆ ಗಂಟು ಹಾಕಿದೆ.

ಅವತ್ತು ಅವಳ ದೀಕ್ಷಾಸ್ನಾನ. ಬಿಳಿ ಫ್ರಾಕು, ತಲೆಗೆ ಬಿಳಿ ಟೋಪಿ. ಸುಂಕದಕಟ್ಟೆಯ ನಮ್ಮ ಬೀದಿಯಲ್ಲಿ ಎತ್ತಿಕೊಂಡು ನಡೆದರೆ ತರಕಾರಿ ಗಾಡಿಯವನೂ ನಿಂತು ನೋಡಿದ. ಹನ್ನೊಂದು ವರ್ಷ ಕಾದು ಸಿಕ್ಕ ಮೊಮ್ಮಗಳು. ನನಗೆ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಆದರೂ ಎದೆಯೊಳಗೆ ಒಂದು ಕೆಂಡ ಹಾಗೇ ಇತ್ತು... ಆ ಬಾಣ ಬಿದ್ದು ಅದನ್ನು ಕೆದಕಿತು. ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಬರೆದದ್ದರಲ್ಲಿ ತಪ್ಪಿದ್ದರೆ ಓದಿದವರು ತಿದ್ದಿಕೊಳ್ಳಿ. ಸಂತೋಷ ತಡೆಯಲಾರದೆ ಬರೆಯುತ್ತಿದ್ದೇನೆ, ಹೊಟ್ಟೆಯುರಿ ತಡೆಯಲಾರದೆಯೂ ಬರೆಯುತ್ತಿದ್ದೇನೆ.

ಆ ಬಾಣ ಅಂಟಿಸಿದವರು ನಮ್ಮ ವಠಾರದ ಅಕ್ಕ. ಆರು ಮನೆ, ಒಂದು ನಲ್ಲಿ, ಕೊನೆಯ ಮನೆ ಅವರದು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಮಾಗಡಿ ರಸ್ತೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಅವರು ಚೆಕಿಂಗ್. ಪಕ್ಕದ ಟೇಬಲಿನಲ್ಲಿ ನಾನು, ಹೊಲಿದ ಶರ್ಟುಗಳ ದಾರ ಕತ್ತರಿಸುವವಳು. ಎಲ್ಲರೂ ಅವರನ್ನು ಚೆಕಿಂಗ್ ಅಕ್ಕ ಅಂತಲೇ ಕರೆಯುತ್ತಿದ್ದರು. ಟ್ಯೂಬ್‌ಲೈಟಿನ ಕೆಳಗೆ ನಿಂತು, ಶರ್ಟು ಕೈಗೆ ಬಂದ ತಕ್ಷಣ ಮೊದಲು ಒಳಮಗ್ಗುಲು ತಿರುಗಿಸುತ್ತಿದ್ದರು. ಕಾಲರ್, ತೋಳು, ಬಗಲು. ಬೆರಳು ಹೊಲಿಗೆಯ ಮೇಲೆ ಓಡುತ್ತಿತ್ತು. ಎಲ್ಲಿ ಹೊಲಿಗೆ ಬಿಟ್ಟಿದೆಯೋ ಅಲ್ಲಿ ಟಪ್ ಎಂದು ಒಂದು ಕೆಂಪು ಬಾಣ.

“ಮೇಲ್ಗಡೆ ಎಲ್ಲಾ ಶರ್ಟೂ ಚೆನ್ನಾಗೇ ಕಾಣ್ಸುತ್ತೆ ಕಣೇ,” ಅನ್ನುತ್ತಿದ್ದರು. “ಇಸ್ತ್ರಿ ಹೊಡೆದವ್ನು ಎಲ್ಲಾನೂ ಮುಚ್ಚಿಬಿಡ್ತಾನೆ. ತಿರುಗ್ಸಿ ನೋಡ್ಬೇಕು.”

ಮರೆತೇಹೋಗಿದ್ದ ಓದನ್ನು ನನಗೆ ಮತ್ತೆ ಕಲಿಸಿದವರೂ ಅವರೇ. ಊಟದ ಅರ್ಧ ಗಂಟೆಯಲ್ಲಿ ಡಬ್ಬಿ ಬೇಗ ಖಾಲಿ ಮಾಡಿ, ಬಟ್ಟೆ ಮೂಟೆಗಳ ಮೇಲೆ ಕೂತು, ಸತ್ಯವೇದದ ಸಾಲಿನ ಕೆಳಗೆ ಬೆರಳಿಟ್ಟು ಒಂದೊಂದೇ ಅಕ್ಷರ. ನಾನು ಹುಟ್ಟಿದ್ದು ಹೊಲ ಉಳುವವರ ಮನೆಯಲ್ಲಿ, ಚಿಕ್ಕವಳಿದ್ದಾಗ ನಮ್ಮೂರ ಅಮ್ಮನಿಗೆ ತಂಬಿಟ್ಟಿನ ಆರತಿ ಹೊತ್ತವಳು. ಮದುವೆಯಾದ ಮೇಲೆ ಗಂಡನ ಮನೆಯವರ ಜೊತೆ ಕ್ರೈಸ್ತ ಸಭೆಗೆ ಬಂದೆ. ಹತ್ತು ವರ್ಷ ಹಾಡಿಗೆ ತಲೆಯಾಡಿಸಿದ್ದು ಬಿಟ್ಟರೆ ನನಗೆ ಏನೂ ಗೊತ್ತಿರಲಿಲ್ಲ. ಓದು ಬಂದ ಮೇಲೆ ಗೊತ್ತಾಗತೊಡಗಿತು.

ಫ್ಯಾಕ್ಟರಿಯಲ್ಲಿ ಬಾಣ ಅಂದರೆ ತಪ್ಪು. ಅಕ್ಕನ ಪುಸ್ತಕದಲ್ಲಿ ಬಾಣ ಅಂದರೆ ಸಿಕ್ಕಿತು ಎಂದರ್ಥ. ಭಾನುವಾರ ಯಾರು ಏನು ಬೋಧನೆ ಮಾಡಿದರೂ ಮನೆಗೆ ಬಂದು ಅದನ್ನು ಪುಸ್ತಕದಲ್ಲಿ ಹುಡುಕುವರು. ಸಿಕ್ಕ ಜಾಗಕ್ಕೆ ಬಾಣ. ಸಿಗದಿದ್ದರೆ ಮುಂದಿನ ವಾರ ಬಾಗಿಲಲ್ಲೇ ನಮ್ಮ ಸಭೆಯ ಅಯ್ಯನವರನ್ನು ಹಿಡಿದುಕೊಳ್ಳುವರು. “ಅಯ್ಯನವ್ರೇ, ಹೋದ ವಾರ ಒಂದ್ ಮಾತು ಹೇಳಿದ್ರಲ್ಲ, ಅದಕ್ಕೆ ಬಾಣ ಅಂಟ್ಸೋಕೆ ಜಾಗಾನೇ ಸಿಗ್ಲಿಲ್ಲ.” ಅಯ್ಯನವರು ಒಳ್ಳೆಯವರು. ನಗುತ್ತಿದ್ದರು. ಒಂದು ಸಲ ಅವರು ಪೀಠದ ಮೇಲೆಯೇ, ಹೋದ ವಾರ ನಾನು ಹೇಳಿದ್ದು ನನ್ನ ಸ್ವಂತ ಮಾತು, ಸತ್ಯವೇದದ ವಾಕ್ಯವಲ್ಲ, ಕ್ಷಮಿಸಿ ಎಂದರು. ಅಕ್ಕ ನನ್ನ ತೊಡೆ ಚಿವುಟಿದರು. ಅವರಿಗೆ ಅಷ್ಟು ಖುಷಿ.

ಆಮೇಲೆ ಬಂದವನು ಆ ಎಣ್ಣೆ ಪಾಸ್ಟರ್. ಅವನ ಹೆಸರು ನನ್ನ ಲೇಖನಿಯಿಂದ ಬರೆಯಲಾರೆ.

ಮಗಳನ್ನು ಬ್ಯಾಡರಹಳ್ಳಿಗೆ ಕೊಟ್ಟಿದ್ದೆವು. ಅಳಿಯ ಟೆಂಪೋ ಓಡಿಸುತ್ತಾನೆ, ಮೃದು ಸ್ವಭಾವ. ಎರಡು ಸಲ ಗರ್ಭ ನಿಂತು ಜಾರಿಹೋಯಿತು. ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿ ಥೈರಾಯ್ಡ್ ಇದೆ, ದಿನಾ ಬೆಳಿಗ್ಗೆ ಒಂದು ಮಾತ್ರೆ, ತಪ್ಪಿಸಬಾರದು ಎಂದಿದ್ದರು. ಮಗಳು ತಪ್ಪಿಸುತ್ತಿರಲಿಲ್ಲ. ಅಷ್ಟರಲ್ಲಿ ಯಾರೋ ಅವಳನ್ನು ಹಾರ್ಡ್‌ವೇರ್ ಅಂಗಡಿಯ ಮೇಲಿನ ಹಾಲ್‌ಗೆ ಕರೆದುಕೊಂಡು ಹೋದರು. ಅಲ್ಲಿ ಅವನು. ಬಿಳಿ ಕೋಟು, ಕಿವಿ ಹರಿಯುವ ಮೈಕು, ಮೇಜಿನ ಮೇಲೆ ಸಾಲಾಗಿ ಸಣ್ಣ ಬಾಟಲಿ ಎಣ್ಣೆ. ಕರ್ಪೂರದ ವಾಸನೆಯ ಕೊಬ್ಬರಿ ಎಣ್ಣೆ ಅದು, ಬೇರೇನಲ್ಲ.

ನನ್ನ ಮಗಳ ತಲೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿ ಹೇಳಿದನಂತೆ: ಗರ್ಭಕ್ಕೆ ಬೀಗ ಬಿದ್ದಿದೆ, ಬೀಗ ಹಾಕಿದ್ದು ತಾಯಿಯ ಕಡೆಯ ಶಾಪ, ನಿಮ್ಮಮ್ಮ ಆರತಿ ಹೊತ್ತ ಕೈ ಇನ್ನೂ ತೊಳೆದಿಲ್ಲ. ಮಾತ್ರೆ ನುಂಗುವುದು ಅಪನಂಬಿಕೆ, ಬಿಡು. ಎದ್ದ ತಕ್ಷಣ ಒಂದು ಚಮಚ ಎಣ್ಣೆ ಕುಡಿ. ತಾಯಿಯ ಕೈಯಿಂದ ಏನನ್ನೂ ತಿನ್ನಬೇಡ, ಅವಳು ನಿನ್ನ ಹೊಸ್ತಿಲು ದಾಟಬಾರದು.

ಇದೆಲ್ಲ ನನಗೆ ಗೊತ್ತಿರಲಿಲ್ಲ. ಹಿತಕಿದ ಅವರೆಬೇಳೆ ಸಾರು ಅವಳಿಗೆ ಪ್ರಾಣ. ಡಬ್ಬಿಯಲ್ಲಿ ತುಂಬಿಕೊಂಡು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದೆ. ಮಗಳು ಗೇಟಿನ ಒಳಗೇ ನಿಂತಳು. ಚಿಲಕ ತೆಗೆಯಲಿಲ್ಲ.

“ಅಮ್ಮಾ, ನೀನು ಒಳಗೆ ಬರ್ಬೇಡ.”

“ಯಾಕೇ, ಹುಷಾರಿಲ್ವಾ?”

“ಬರ್ಬೇಡ ಅಂದೆ ಅಲ್ವಾ. ಸಾರೂ ಬೇಡ. ಹೋಗಮ್ಮಾ, ನಿನ್ನ ಕಾಲಿಗೆ ಬೀಳ್ತೀನಿ.”

ಗೇಟಿನ ಸರಳಿನ ಹಿಂದೆ ಅವಳ ಮುಖ ಬಿಳಿಚಿಕೊಂಡಿತ್ತು. ಕೂದಲಿನಿಂದ ಕರ್ಪೂರದ ವಾಸನೆ ಬರುತ್ತಿತ್ತು. ಡಬ್ಬಿ ಬಿಸಿ ಬಿಸಿಯಾಗಿಯೇ ನನ್ನ ಜೊತೆ ವಾಪಸ್ ಬಂತು... ಹೆತ್ತ ಮಗಳ ಬಾಗಿಲಲ್ಲಿ ಅವನು ನನ್ನನ್ನು ರೋಗದ ನಾಯಿಯ ಹಾಗೆ ನಿಲ್ಲಿಸಿದ. ಇವತ್ತಿಗೂ ಆ ಗೇಟಿನ ಚಿಲಕದ ಸದ್ದು ನೆನೆದರೆ ನನಗೆ ಹಲ್ಲು ಕಡಿಯುತ್ತದೆ.

ಆಮೇಲೆ ನಾನು ಮಾಡಿದ್ದು ಹೇಳಲು ನಾಚಿಕೆ. ಅಳಿಯ ಬಂದು ಆ ಪಾಸ್ಟರ್ ಹೇಳಿದ್ದನ್ನೆಲ್ಲ ತಿಳಿಸಿದ. ಅವನ ಕೈಲೇ ಗುಟ್ಟಾಗಿ ಒಂದು ಬಾಟಲಿ ತರಿಸಿಕೊಂಡೆ. ನನ್ನೊಳಗೇ ಶಾಪ ಇದ್ದರೆ ನಾನೇ ಕುಡಿದು ತೊಳೆದುಕೊಳ್ಳುತ್ತೇನೆ ಎಂದು. ಪ್ರಾರ್ಥನೆಗೆ ಕೂತರೂ ದೇವರು ನೆನಪಾಗುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಎಷ್ಟು ಸಲ ಆರತಿ ಹೊತ್ತೆ, ಯಾವ ಕೈಯಲ್ಲಿ ಹಿಡಿದೆ ಎಂದು ಯೋಚಿಸುತ್ತಲೇ ಆಮೆನ್ ಆಗಿಬಿಡುತ್ತಿತ್ತು. ಎಣ್ಣೆ ಕುಡಿದು ಕುಡಿದು ಹೊಟ್ಟೆ ಕೆಟ್ಟಿತು. ಫ್ಯಾಕ್ಟರಿಯಲ್ಲಿ ಅಕ್ಕ ನನ್ನ ಬಾಯಿಯ ವಾಸನೆ ಹಿಡಿದರು.

“ಏನೇ ಇದು, ಬಾಯಲ್ಲಿ ಕರ್ಪೂರ ಹಚ್ಕೊಂಡಿದ್ಯಾ?”

ಅತ್ತುಕೊಂಡು ಎಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ಪುಸ್ತಕ ತೆಗೆದು ಹುಟ್ಟು ಕುರುಡನ ಕಥೆ ಮುಂದಿಟ್ಟರು. ಜೋರಾಗಿ ಓದು ಎಂದರು. ನನ್ನ ಓದಿನ ವೇಗಕ್ಕೆ ಎರಡು ಊಟದ ಹೊತ್ತು ಹಿಡಿಯಿತು. ಇವನು ಕುರುಡನಾಗಿ ಹುಟ್ಟಲು ಯಾರ ಪಾಪ ಕಾರಣ, ಇವನದೋ, ಹೆತ್ತವರದೋ ಎಂದು ಶಿಷ್ಯರು ಕೇಳುತ್ತಾರೆ. ಯಾರದೂ ಅಲ್ಲ ಎಂದು ಸ್ವಾಮಿ ಹೇಳಿಬಿಡುತ್ತಾನೆ. ಅಷ್ಟೇ. ಹೇಳಿ, ಅವನ ಕಣ್ಣು ತೆರೆಸುವ ಕೆಲಸಕ್ಕೆ ಕೈ ಹಾಕುತ್ತಾನೆ. ಅಕ್ಕ ನನ್ನ ಕೈಗೆ ಸ್ಟಿಕ್ಕರ್ ಕೊಟ್ಟರು.

“ತಾಯಿ ಶಾಪ ಅಂತ ಎಲ್ಲಿದೆ, ಅಂಟ್ಸು ನೋಡೋಣ.”

ಬೆರಳ ತುದಿಯಲ್ಲಿ ಬಾಣ ಹಿಡಿದುಕೊಂಡು ಕೂತೆ. ಅಂಟಿಸಲು ಜಾಗವಿರಲಿಲ್ಲ. ಬಾಟಲಿಯಲ್ಲಿ ಉಳಿದಿದ್ದನ್ನು ಅವತ್ತೇ ಮೋರಿಗೆ ಸುರಿದೆ. ಸುರಿದ ಮೇಲೆ ಮಾತ್ರ ನನಗೆ ಕೋಪ ಬಂತು ನೋಡಿ! ಅಲ್ಲಿಯ ತನಕ ನಾಚಿಕೆಯಿತ್ತು. ಆಮೇಲೆ ಬರೀ ಕೋಪ. ಮುಂದಿನ ಭಾನುವಾರ ಚಪ್ಪಲಿ ಕಳಚಿ ಕೈಯಲ್ಲೇ ಹಿಡಿದು ಹೊರಟೆ.

“ಅದನ್ನ ಕಾಲಿಗೆ ಹಾಕ್ಕೋ,” ಎಂದರು ಅಕ್ಕ. “ನಾನೂ ಬರ್ತೀನಿ. ತಿರುಗ್ಸಿ ನೋಡೋಣ ಅವನನ್ನ.”

ಹಾಲ್ ತುಂಬಿತ್ತು. ಮೂರನೇ ಸಾಲಿನಲ್ಲಿ ತಲೆಯ ಮೇಲೆ ಸೆರಗು ಹೊದ್ದು ನನ್ನ ಮಗಳು. ಅವನು ಶಾಪದ ಮೇಲೆಯೇ ಬೋಧಿಸುತ್ತಿದ್ದ. ಅಕ್ಕ ಎದ್ದು ನಿಂತರು, ಮೋಟುದ್ದ ಹೆಂಗಸು, ಕನ್ನಡಕದ ಕಡ್ಡಿಗೆ ಫ್ಯಾಕ್ಟರಿ ದಾರ ಸುತ್ತಿತ್ತು.

“ಅಯ್ಯಾ, ಯಾವ ಅಧ್ಯಾಯ, ಯಾವ ವಚನ? ಬಾಣ ಅಂಟ್ಸ್ಕೋತೀನಿ.”

“ಇದು ನಂಗೆ ದರ್ಶನದಲ್ಲಿ ಬಂದಿದ್ದು ತಾಯಿ.”

“ಪುಸ್ತಕದಲ್ಲಿ ಯಾರದೂ ಅಲ್ಲ ಅಂದೋನು, ನಿಮ್ ದರ್ಶನದಲ್ಲಿ ಬಂದು ಮಾತು ಬದ್ಲಾಯಿಸಿದ್ನಾ?”

ಹಿಂದಿನ ಸಾಲಿನಲ್ಲಿ ಒಬ್ಬಳು ಕಿಸಕ್ಕೆಂದಳು. ಅವನ ಮುಖ ಕೆಂಪಾಯಿತು. ಅಭಿಷೇಕ ಹೊಂದಿದವನ ಮೇಲೆ ಬಾಯಿ ಮಾಡಿದ ನಾಲಿಗೆ ಒಣಗಿಹೋಗುತ್ತದೆ ಎಂದು ಮೈಕಿನಲ್ಲೇ ಕೂಗಿದ. ಇಬ್ಬರು ಗಂಡಸರು ಬಂದು ನಮ್ಮನ್ನು ಮೆಟ್ಟಿಲಿಳಿಸಿದರು. ಮಗಳು ತಲೆ ಎತ್ತಲಿಲ್ಲ. ಕೆಳಗೆ ಬಂದ ಮೇಲೆ ಅಕ್ಕ ನಾಲಿಗೆ ಹೊರಚಾಚಿ, “ನೋಡೇ, ಒಣಗಿದ್ಯಾ?” ಎಂದರು. ನಾನು ನಗಲಿಲ್ಲ. ನನ್ನ ಕಣ್ಣು ಮೇಲಿನ ಕಿಟಕಿಯಲ್ಲಿತ್ತು. ಮಗಳು ಒಂದು ಸಲ ಇಣುಕಿ ನೋಡುತ್ತಾಳೇನೋ ಎಂದು...

ಆ ವರ್ಷವೇ ಅಕ್ಕನಿಗೆ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿಕೊಂಡಿತು. ಡಾಕ್ಟರು ಕೈ ಚೆಲ್ಲಿದರು. ನಾಲಿಗೆ ಒಣಗುತ್ತದೆ ಎಂದಿದ್ದ, ಬಂದದ್ದು ಹೊಟ್ಟೆಗೆ. ಆದರೂ ಅವನು ಬಿಡಲಿಲ್ಲ. ನೋಡಿದಿರಾ, ನನ್ನ ಎದುರು ನಿಂತವಳ ಗತಿ ಎಂದು ವಾರವಾರವೂ ಸಾರಿದ. ಒಬ್ಬ ಹೆಂಗಸಿನ ನೋವನ್ನು ತನ್ನ ಎಣ್ಣೆಗೆ ಜಾಹೀರಾತು ಮಾಡಿಕೊಂಡ.

ಅದನ್ನು ಕೇಳಿ ಹೆದರಿದ ನನ್ನ ಮಗಳು ಆಸ್ಪತ್ರೆಗೆ ಓಡಿ ಬಂದಳು. ನಾನು ಮಂಚದ ಆ ಕಡೆ, ಅವಳು ಈ ಕಡೆ. ನನ್ನ ಮುಖ ನೋಡಲಿಲ್ಲ. ಬ್ಯಾಗಿನಿಂದ ಬಾಟಲಿ ತೆಗೆದಳು.

“ದೊಡ್ಡಮ್ಮಾ, ಪಾಸ್ಟರ್ ಹತ್ರ ಒಂದ್ ಸಲ ಕ್ಷಮೆ ಕೇಳ್ಬಿಡಿ. ಇದನ್ನ ಕುಡೀರಿ. ಬದುಕ್ಕೊಳ್ತೀರಾ.”

ಪಾಪ, ಪ್ರೀತಿಯಿಂದಲೇ ಬಂದಿದ್ದಳು. ಅಕ್ಕ ಬಾಟಲಿ ನೋಡಿದರು, ಅವಳನ್ನು ನೋಡಿದರು. ಮಾತಾಡಲು ಉಸಿರು ಸಾಲುತ್ತಿರಲಿಲ್ಲ.

“ಕೇಳು ಮಗಳೇ. ನಿಂಗೆ ಮಗು ನಿಲ್ದಿದ್ದು ನಿಮ್ಮಮ್ಮನ ಶಾಪ. ನಂಗೆ ಗಡ್ಡೆ ಬಂದಿದ್ದು ನನ್ ಬಾಯಿ ಶಾಪ. ಸರಿ. ಹಂಗಾದ್ರೆ ಶಿಲುಬೆ ಮೇಲೆ ಆತ ಹೊತ್ತಿದ್ದು ಯಾರ ಶಾಪ? ನಮ್ಗೂ ಇರ್ಲಿ ಅಂತ ಒಂದ್ ಸ್ವಲ್ಪ ಉಳಿಸ್ಬಿಟ್ಟು ಹೋದ್ನಾ?”

ಅಕ್ಕ ದಿಂಬಿನ ಕೆಳಗಿನಿಂದ ಸ್ಟಿಕ್ಕರ್ ಸುರುಳಿ ತೆಗೆದು ಅವಳ ಕೈಗಿಟ್ಟರು. “ಅವನು ಹೇಳಿದ್ದೆಲ್ಲ ಪುಸ್ತಕದಲ್ಲಿ ಹುಡ್ಕು. ಸಿಕ್ಕಿದ ಕಡೆ ಬಾಣ ಅಂಟ್ಸಿ ತಗೊಂಡ್ ಬಾ. ಒಂದೇ ಒಂದು ಸಿಕ್ಲಿ, ಬಾಟ್ಲಿ ಪೂರ್ತಿ ಕುಡೀತೀನಿ. ಆಯ್ತಾ?”

ಅವಳು ಹೋದ ಮೇಲೆ ಅಕ್ಕ ನನ್ನ ಸತ್ಯವೇದ ಈಸಿಕೊಂಡರು. ಪುಟ ತಿರುಗಿಸಿ ತಿರುಗಿಸಿ ಒಂದು ಕಡೆ ಬಾಣ ಅಂಟಿಸಿ ಹಿಂದಕ್ಕೆ ಕೊಟ್ಟರು. “ಇದು ನಿಂಗೆ. ಕೈ ಚಪ್ಪಲಿ ಹತ್ರ ಹೋದಾಗ ತೆಗೆದು ನೋಡು.” ಯಾವ ಪುಟ ಎಂದು ಆಮೇಲೆ ಹೇಳುತ್ತೇನೆ.

ಒಂದು ಗುರುವಾರ ಅಕ್ಕ ಹೋದರು. ಕೊನೆಯ ಎರಡು ದಿನ ನನ್ನ ಕೈ ಹಿಡಿದುಕೊಂಡು, ನನ್ನ ರವಿಕೆಯ ತೋಳಿನ ಹೊಲಿಗೆಯ ಮೇಲೆ ಬೆರಳಾಡಿಸುತ್ತಿದ್ದರು...

ಮಣ್ಣು ಮಾಡಿ ಬಂದ ಭಾನುವಾರ ಆ ಹಾಲ್‌ನಲ್ಲಿ ನಡೆದದ್ದನ್ನು ಅಳಿಯ ಹೇಳಿದ. ಆ ಪಾಸ್ಟರ್ ಮೈಕು ಹಿಡಿದು, ವಿರೋಧಿಯನ್ನು ದೇವರು ಕಿತ್ತು ಹಾಕಿದ, ಸ್ತೋತ್ರ ಹೇಳಿ ಎಂದನಂತೆ. ಜನ ಸ್ತೋತ್ರ ಎಂದರಂತೆ. ಸತ್ತು ಮೂರು ದಿನ ಆಗಿರದ ಹೆಂಗಸಿಗೆ! ಮೂರನೇ ಸಾಲಿನಲ್ಲಿ ನನ್ನ ಮಗಳು ಎದ್ದು ನಿಂತಳಂತೆ.

“ಯಾವ ಅಧ್ಯಾಯ ಪಾಸ್ಟರ್? ಯಾವ ವಚನ?”

ಉತ್ತರಕ್ಕೆ ಕಾಯದೆ ಬಾಟಲಿಯನ್ನು ಕುರ್ಚಿಯ ಮೇಲಿಟ್ಟು ಇಳಿದು ಬಂದಳಂತೆ. ನಾನು ಅಕ್ಕಿ ಆರಿಸುತ್ತಾ ಕೂತಿದ್ದೆ. ಬಾಗಿಲಲ್ಲಿ ನೆರಳು ಬಿತ್ತು. ಸುರುಳಿಯನ್ನು ನನ್ನ ಮಡಿಲಿಗೆ ಹಾಕಿದಳು.

“ಒಂದೂ ಅಂಟ್ಲಿಲ್ಲಮ್ಮಾ,” ಎಂದಳು. ಆಮೇಲೆ ಒಲೆಯ ಕಡೆ ನೋಡಿ, “ಸಾರು ಇದ್ಯಾ?”

ಅವರೆಕಾಯಿ ಕಾಲವಾಗಿರಲಿಲ್ಲ. ತೊಗರಿಬೇಳೆ ಸಾರಿತ್ತು. ಎರಡು ತಟ್ಟೆ ಅನ್ನ ಉಂಡಳು, ಅಳುತ್ತಲೇ ಉಂಡಳು. ನನ್ನ ಕೈಯಿಂದ ಕೊನೆಯ ತುತ್ತು ಬಾಯಿಗೆ ಹಾಕಿಸಿಕೊಂಡಳು. ಅದನ್ನು ಅಕ್ಕ ನೋಡಬೇಕಿತ್ತು.

ಮತ್ತೆ ಮಾತ್ರೆ ಶುರುವಾಯಿತು, ಪ್ರಾರ್ಥನೆಯೂ ಶುರುವಾಯಿತು, ಪಾತ್ರೆ ತೊಳೆಯುವಾಗ ಅವಳು ಮೊದಲಿನ ಹಾಗೆ ಹಾಡಿಕೊಳ್ಳುವುದೂ ಶುರುವಾಯಿತು. ಮಗು ಮಾತ್ರ ಬೇಗ ಬರಲಿಲ್ಲ. ಇನ್ನೂ ನಾಲ್ಕು ವರ್ಷ ಕಾಯಿಸಿ ಬಂದಳು ರಾಣಿ. ಮಾತ್ರೆಗೆ ಹುಟ್ಟಿತೋ ಪ್ರಾರ್ಥನೆಗೆ ಹುಟ್ಟಿತೋ ಎಂದು ಕೇಳುವವರಿದ್ದಾರೆ. ಎರಡನ್ನೂ ಕೊಟ್ಟವನು ಒಬ್ಬನೇ ಎನ್ನುತ್ತೇನೆ.

ಈ ಭಾನುವಾರಕ್ಕೆ ಬರುತ್ತೇನೆ. ದೀಕ್ಷಾಸ್ನಾನ ಮುಗಿಯಿತು. ಅಯ್ಯನವರು ನೀರು ಹಾಕಿದಾಗ ಮೊಮ್ಮಗಳು ಅಳಲಿಲ್ಲ, ಅವರ ಗಡ್ಡ ಹಿಡಿದು ಎಳೆದಳು. ಬಿರಿಯಾನಿ ಊಟ. ಎಲ್ಲರೂ ಮಾತಿನಲ್ಲಿದ್ದಾಗ ನಾನು ಮೊಮ್ಮಗಳನ್ನು ಎತ್ತಿಕೊಂಡು ಸದ್ದಿಲ್ಲದೆ ಹೊರಟೆ. ಎಲ್ಲಿಗೆ ಎಂದು ಹೇಳಬೇಕೇ? ಆ ಹಾಲ್‌ಗೆ. ಏಳು ತಿಂಗಳಿಂದ ಇದನ್ನೇ ಕಾಯುತ್ತಿದ್ದೆ. ಅವನ ಸಭೆ ಬಿಡುವ ಹೊತ್ತಿಗೆ ಮೆಟ್ಟಿಲ ಬುಡದಲ್ಲಿ ನಿಲ್ಲಬೇಕು, ಮಗುವನ್ನು ಎತ್ತಿ ಹಿಡಿಯಬೇಕು, ನೋಡೋ, ನಿನ್ನ ಶಾಪ ಎರಡು ಹಲ್ಲು ಬಿಟ್ಟುಕೊಂಡು ನಗುತ್ತಿದೆ ಎಂದು ಬೀದಿಯೆಲ್ಲ ಕೇಳುವ ಹಾಗೆ ಕೂಗಬೇಕು. ಅವನ ಮುಖ ಸುಟ್ಟು ಕರಕಲಾಗಬೇಕು.

ಮೆಟ್ಟಿಲ ಬುಡದಲ್ಲಿ ಒಬ್ಬಳು ಹೆಣ್ಣುಮಗಳು ಚಪ್ಪಲಿ ಬಿಡುತ್ತಿದ್ದಳು. ಮಾತು ನೋಡಿದರೆ ಹುಬ್ಬಳ್ಳಿ ಕಡೆಯವಳು. ಕೈಯಲ್ಲಿ ಖಾಲಿ ಬಾಟಲಿ. ನನ್ನ ಮೊಮ್ಮಗಳನ್ನು ನೋಡಿದಳು. ಆ ನೋಟ ನನಗೆ ಗೊತ್ತು, ನನ್ನ ಮಗಳ ಮುಖದಲ್ಲಿ ವರ್ಷಗಟ್ಟಲೆ ನೋಡಿದ್ದೇನೆ.

“ಎಷ್ಟ್ ಚಂದ ಐತ್ರೀ ಕೂಸು. ಇಲ್ಲೇ ಪ್ರಾರ್ಥನಾ ಮಾಡಿಸಿದ್ರೇನ್ರೀ?”

ಕೂಗಬೇಕೆಂದು ಬಂದವಳು ಮಗುವನ್ನು ಸೊಂಟಕ್ಕೆ ಒತ್ತಿಕೊಂಡು ನಿಂತೆ. ಮಗು ಆಯಿತು, ಆದ್ದರಿಂದ ಶಾಪ ಇರಲಿಲ್ಲ ಎಂದು ನಾನು ಕೂಗಿದರೆ, ಮಗು ಆಗದ ಇವಳಿಗೆ ಶಾಪ ಇದೆ ಎಂದು ನಾನೇ ಹೇಳಿದ ಹಾಗಲ್ಲವೇ? ಅಕ್ಕನಿಗೂ ಮಕ್ಕಳಿರಲಿಲ್ಲ. ಅವನ ಬೋಧನೆಯನ್ನೇ ನಾನು ಅವನ ಬಾಗಿಲಲ್ಲಿ ನಿಂತು ಮಾಡಲು ಬಂದಿದ್ದೆ. ಅಕ್ಕ ಇದ್ದಿದ್ದರೆ ನನ್ನ ಹಣೆಗೇ ಒಂದು ಬಾಣ ಅಂಟಿಸುತ್ತಿದ್ದರು.

ಹಾಗೆಂದು ಸುಮ್ಮನೆ ಬರಲಿಲ್ಲ. ಗೋಡೆಯ ಮೇಲೆ ಅವನ ಬೋರ್ಡಿತ್ತು, ದೊಡ್ಡ ಅಕ್ಷರದಲ್ಲಿ ‘ಶಾಪ ಬಿಡಿಸುವ ಎಣ್ಣೆ’. ಸೆರಗಿನ ಗಂಟು ಬಿಚ್ಚಿ ಬಾಣ ತೆಗೆದೆ. ಅಂಟಿರಲಿಲ್ಲ. ಮೊಮ್ಮಗಳ ಫ್ರಾಕಿನ ಮೇಲೆ ಬಿರಿಯಾನಿಯ ಅನ್ನದ ಒಂದು ಅಗುಳು ಅಂಟಿಕೊಂಡಿತ್ತು. ಅದನ್ನು ಬೆರಳಲ್ಲಿ ಹಿಸುಕಿ ಬಾಣದ ಹಿಂದೆ ಬಳಿದು, ಶಾಪ ಎಂಬ ಪದಕ್ಕೆ ತುದಿ ತಾಗುವ ಹಾಗೆ ಒತ್ತಿ ಅಂಟಿಸಿದೆ.

“ಏನ್ರೀ ಅದು?” ಎಂದಳು ಆ ಹೆಣ್ಣುಮಗಳು.

“ಡ್ಯಾಮೇಜ್ ಕಣಮ್ಮ,” ಎಂದೆ. “ಇಲ್ಲಿ ಹೊಲಿಗೆ ಬಿಟ್ಟಿದೆ. ಮೇಲೆ ಹೋದಾಗ ಇದು ಎಲ್ಲಿ ಬರೆದಿದೆ ಅಂತ ಒಂದ್ ಸಲ ಕೇಳು. ಡಾಕ್ಟರ್ ಮಾತ್ರೆ ಕೊಟ್ಟಿದ್ರೆ ಬಿಡ್ಬೇಡ.”

ಅವಳು ಬೋರ್ಡನ್ನೇ ನೋಡುತ್ತಾ ನಿಂತಳು. ಮೆಟ್ಟಿಲು ಹತ್ತಿದಳೋ ಇಲ್ಲವೋ ಗೊತ್ತಿಲ್ಲ. ನಾನು ತಿರುಗಿ, ‘ನೋಡಿ ಅಕ್ಕ’ ಎನ್ನಲು ಪಕ್ಕಕ್ಕೆ ಮುಖ ಮಾಡಿದೆ... ಪಕ್ಕದಲ್ಲಿ ಬಸ್ಸಿನ ಹೊಗೆ ಬಿಟ್ಟರೆ ಯಾರೂ ಇರಲಿಲ್ಲ.

ಮನೆಗೆ ಬಂದು ಸತ್ಯವೇದ ತೆರೆದೆ. ಆ ಬಾಣ ಉದುರಿದ ಪುಟ ಯಾವುದೆಂದು ಹೇಳುತ್ತೇನೆ ಎಂದಿದ್ದೆನಲ್ಲ. ಹಗೆಯವರನ್ನು ಪ್ರೀತಿಸಿ, ಹಿಂಸೆ ಕೊಟ್ಟವರಿಗಾಗಿ ಪ್ರಾರ್ಥಿಸಿ ಎಂದು ಸ್ವಾಮಿ ಹೇಳಿದ ಪುಟ. ಅಲ್ಲಿಂದ ಉದುರಿದ್ದನ್ನೇ ಒಯ್ದು ಅವನ ಬೋರ್ಡಿಗೆ ಚುಚ್ಚಿ ಬಂದಿದ್ದೇನೆ. ಅವನಿಗಾಗಿ ಪ್ರಾರ್ಥಿಸಲು ಇವತ್ತಿಗೂ ನನ್ನ ಬಾಯಿ ತೆರೆಯುವುದಿಲ್ಲ, ಸುಳ್ಳೇಕೆ ಹೇಳಲಿ. ಆದರೆ ಇಷ್ಟು ವರ್ಷ ಬಾಣ ಕೂತಿದ್ದ ಜಾಗದಲ್ಲಿ ಕಾಗದ ಬೆಳ್ಳಗೆ ಉಳಿದಿದೆ, ಥೇಟ್ ಬಾಣದ ಆಕಾರದಲ್ಲೇ. ಸುತ್ತಲಿನ ಕಾಗದವೆಲ್ಲ ಹಳದಿಯಾಗಿದೆ. ಉಗುರಿನಿಂದ ಕೆರೆದು ನೋಡಿದೆ, ಹೋಗುವುದಿಲ್ಲ.